ಪಶುವೈದ್ಯ ಪದವಿ ಪಡೆದ ಹುಡುಗಿ ಮೀನಿನ ಆರೋಗ್ಯದ ಕಡೆಗೆ ಹೋಗಬಹುದೇ?

ಓದುಗರ ಪ್ರಶ್ನೆ

ನಾನು ಪಶುವೈದ್ಯಕೀಯ ಪದವಿಯ ಕೊನೆಯ ಹಂತದಲ್ಲಿ, ಇಂಟರ್ನ್‌ಶಿಪ್‌ನಲ್ಲಿದ್ದೇನೆ. ತುಮಕೂರು ಜಿಲ್ಲೆಯ ಹಳ್ಳಿಯವಳು. ಕಳೆದ ಬೇಸಿಗೆಯಲ್ಲಿ ನಮ್ಮೂರ ಕೆರೆಯ ಮೀನುಗಳು ಒಂದೇ ರಾತ್ರಿಯಲ್ಲಿ ಸತ್ತು ತೇಲಿದವು. ಕೆರೆಯನ್ನು ಗುತ್ತಿಗೆ ಹಿಡಿದಿದ್ದವರು ಮನೆಗೆ ಬಂದು, ‘ನೀನು ಡಾಕ್ಟ್ರು ಓದ್ತಿದ್ದೀಯಲ್ಲವ್ವ, ಏನಾಗಿದೆ ನೋಡು’ ಎಂದರು. ಎರಡು ಮೀನು ಕೊಯ್ದು ನೋಡಿದೆ. ಹಸು, ಕುರಿ, ಕೋಳಿಗಳ ಶವಪರೀಕ್ಷೆ ಮಾಡಿ ಅಭ್ಯಾಸವಿದ್ದ ನನಗೆ ಮೀನಿನೊಳಗೆ ಯಾವುದು ರೋಗ, ಯಾವುದು ಸಹಜ ಎಂಬುದೇ ತಿಳಿಯಲಿಲ್ಲ. ಅಂದಿನಿಂದ ಜಲಚರಗಳ ವೈದ್ಯಕೀಯದಲ್ಲೇ ಮುಂದೆ ಓದಿ ವಿಜ್ಞಾನಿಯಾಗಬೇಕೆಂಬ ಆಸೆ ಬಲವಾಗಿದೆ. ಅಪ್ಪ, ‘ಐದೂವರೆ ವರ್ಷ ಓದಿ ಮೀನಿನ ಹಿಂದೆ ಹೋಗೋದಾ? ಪಶುವೈದ್ಯಾಧಿಕಾರಿ ಹುದ್ದೆಗೆ ಓದು’ ಎನ್ನುತ್ತಾರೆ. ನಮ್ಮ ಪ್ರಾಧ್ಯಾಪಕರೊಬ್ಬರು, ‘ಮೀನು ಬೇಕಿದ್ದರೆ ಮೀನುಗಾರಿಕೆ ಕಾಲೇಜಿಗೇ ಸೇರಬೇಕಿತ್ತು’ ಎಂದರು. ಸೋದರಮಾವ, ‘ಹೊತ್ತಲ್ಲದ ಹೊತ್ತಲ್ಲಿ ಕೆರೆ, ಹೊಂಡ ಅಂತ ಹೆಣ್ಣುಮಗಳು ಓಡಾಡೋ ಕೆಲಸ ಅಲ್ಲ, ಮದುವೆ ಆದಮೇಲೆ ಹೇಗೂ ಬಿಡಬೇಕಾಗುತ್ತೆ’ ಎನ್ನುತ್ತಾರೆ. ಈ ಕ್ಷೇತ್ರದಲ್ಲಿ ನಿಜವಾಗಿ ಉದ್ಯೋಗವಿದೆಯೇ? ಹೆಣ್ಣುಮಕ್ಕಳು ಇದರಲ್ಲಿ ಉಳಿಯಬಲ್ಲರೇ? ನಾನು ಯಾವ ದಾರಿ ಹಿಡಿಯಲಿ?

(ಹೆಸರು ಬೇಡವೆಂದಿದ್ದಾರೆ)

ತಜ್ಞರ ಉತ್ತರ

ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಪಶುವೈದ್ಯೆಗೆ ಮೀನಿನ ಲೋಕದಲ್ಲಿ ಜಾಗವಿದೆಯೇ ಎಂಬುದು ಒಂದು. ಹೆಣ್ಣಾಗಿ ಆ ಜಾಗದಲ್ಲಿ ನೆಲೆ ನಿಲ್ಲಬಹುದೇ ಎಂಬುದು ಇನ್ನೊಂದು. ಮನೆಯಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿರುವುದರಿಂದ ಎರಡಕ್ಕೂ ಒಂದೇ ಉತ್ತರವಿದೆ ಎಂದು ನಿಮಗೆ ತೋರುತ್ತಿದೆ. ಹಾಗಿಲ್ಲ. ಮೀನು ಮತ್ತು ಸಿಗಡಿಗಳ ರೋಗಶಾಸ್ತ್ರದಲ್ಲಿ ಕೆಲಸ ಮಾಡುತ್ತ ಬಂದಿರುವ ನಾನು ಇವೆರಡನ್ನೂ ಬೇರೆ ಬೇರೆಯಾಗಿಯೇ ಎದುರಿಸಿದ್ದೇನೆ. ಅವುಗಳಿಗೆ ಬರುವ ಮೊದಲು ನಿಮ್ಮೂರ ಕೆರೆಯ ವಿಷಯ ಹೇಳುತ್ತೇನೆ. ಈ ವಿದ್ಯೆ ಎಂಥದ್ದು ಎಂಬುದು ಅದರಿಂದಲೇ ಸ್ಪಷ್ಟವಾಗುತ್ತದೆ.

ಒಂದೇ ರಾತ್ರಿಯಲ್ಲಿ ಕೆರೆಯ ಮೀನುಗಳೆಲ್ಲ ಸತ್ತು ಬೆಳಗಾಗುವಷ್ಟರಲ್ಲಿ ತೇಲಿದರೆ ಮೊದಲು ಅನುಮಾನಿಸಬೇಕಾದುದು ರೋಗಾಣುವನ್ನಲ್ಲ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಬೇಸಿಗೆಯಲ್ಲಿ ನೀರು ಇಳಿದು, ಪಾಚಿ ಬೆಳೆದು ಹಸಿರುಗಟ್ಟಿದ ಕೆರೆಯಲ್ಲಿ ಹಗಲು ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಉಸಿರಾಟಕ್ಕೆ ಬಳಸುತ್ತದೆ. ಹೀಗಾಗಿ ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ನೀರಿನ ಆಮ್ಲಜನಕ ತೀರ ಕೆಳಮಟ್ಟಕ್ಕಿಳಿಯುತ್ತದೆ. ಹಿಂದಿನ ದಿನ ಮೋಡ ಕವಿದಿದ್ದರೆ ಅಥವಾ ಊರಿನ ಕೊಳಚೆ ಕೆರೆಗೆ ಸೇರಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನುಗಳು ಸತ್ತಾಗ ಎದ್ದ ಚರ್ಚೆ ಕೊಳಚೆ ಮತ್ತು ಆಮ್ಲಜನಕದ ಕೊರತೆಯ ಸುತ್ತಲೇ ಇತ್ತು. ಗುತ್ತಿಗೆದಾರರನ್ನು ನೀವು ಕೇಳಬೇಕಿದ್ದ ಪ್ರಶ್ನೆಗಳು ಇವು: ಸತ್ತವುಗಳಲ್ಲಿ ದೊಡ್ಡ ಮೀನುಗಳೇ ಹೆಚ್ಚಿದ್ದವೇ? ಕಾಟ್ಲಾ ಮೊದಲು ಸತ್ತು ಸಾಮಾನ್ಯ ಗೆಂಡೆ ಉಳಿದಿತ್ತೇ? ಹಿಂದಿನ ದಿನಗಳಲ್ಲಿ ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವೇ? ಹೌದು ಎಂದಾದರೆ ಆಮ್ಲಜನಕದ ಕೊರತೆಯೇ ಬಹುಮಟ್ಟಿಗೆ ಕಾರಣ. ಕಪ್ಪೆ, ಬಸವನಹುಳು, ನೀರಹುಳುಗಳೂ ಸತ್ತಿದ್ದರೆ ಕೀಟನಾಶಕವನ್ನೋ ಬೇರೆ ವಿಷವನ್ನೋ ಅನುಮಾನಿಸಬೇಕು. ಸೋಂಕುರೋಗದ ನಡೆ ಬೇರೆ. ಮೊದಲ ದಿನ ಕೆಲವು, ಮರುದಿನ ಇನ್ನಷ್ಟು ಹೀಗೆ ಸಾವು ಏರುತ್ತ ಹೋಗುತ್ತದೆ, ಮತ್ತು ಅನೇಕ ವೇಳೆ ಒಂದು ಜಾತಿಯ ಮೀನನ್ನೇ ಹೆಚ್ಚು ಕಾಡುತ್ತದೆ.

ನೀವು ಹೊಟ್ಟೆ ಕೊಯ್ದು ನೋಡಿದಾಗ ಏನೂ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. ಆಮ್ಲಜನಕವಿಲ್ಲದೆ ಸತ್ತ ಮೀನಿನ ಹೊಟ್ಟೆಯಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅಲ್ಲದೆ ಸತ್ತ ಮೀನಿನ ಒಳಾಂಗಗಳು ಬೇಸಿಗೆಯ ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಕರಗತೊಡಗುತ್ತವೆ. ತೇಲಿದ ಮೀನು ನಮ್ಮ ಪ್ರಯೋಗಾಲಯಕ್ಕೆ ಬಂದರೆ ಅದರಿಂದ ಹೇಳಲಾಗುವುದು ಅತ್ಯಲ್ಪ. ನಮಗೆ ಬೇಕಾದುದು ಇನ್ನೂ ಉಸಿರಾಡುತ್ತಿರುವ, ಆದರೆ ದಡದ ಬಳಿ ತೂಗಾಡುತ್ತಿರುವ ಮೀನು. ಅದರ ಕಿವಿರಿನ ಒಂದು ಸಣ್ಣ ಚೂರನ್ನು ಗಾಜಿನ ಮೇಲಿಟ್ಟು, ಅದೇ ಕೆರೆಯ ನೀರಿನ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪರಾವಲಂಬಿಗಳು ಜೀವಂತವಾಗಿ ಚಲಿಸುವುದು ಕಾಣುತ್ತದೆ. ಮೀನು ಸತ್ತ ಸ್ವಲ್ಪ ಹೊತ್ತಿನಲ್ಲಿ ಅವೂ ಕಳಚಿಕೊಂಡು ಹೋಗಿರುತ್ತವೆ. ನಮ್ಮ ಕೆಲಸದಲ್ಲಿ ರೋಗಿ ಎಂದರೆ ಒಂದು ಮೀನಲ್ಲ, ಇಡೀ ಹೊಂಡ. ನೀರು, ತಳದ ಕೆಸರು, ಮೇವು, ಮೀನುಮರಿ ಬಂದ ಮೂಲ, ಮೀನಿನ ದಟ್ಟಣೆ, ಈ ಎಲ್ಲವೂ ರೋಗಿಯ ಚರಿತ್ರೆಯೊಳಗೇ ಬರುತ್ತವೆ. ಮೀನಿನ ದೇಹದ ಉಷ್ಣತೆ ನೀರಿನೊಂದಿಗೆ ಏರಿಳಿಯುವುದರಿಂದ ಅದರ ರೋಗನಿರೋಧಕ ಶಕ್ತಿಯೂ ಋತುವಿನೊಂದಿಗೆ ಬದಲಾಗುತ್ತದೆ. ಮೈಮೇಲೆ ಆಳವಾದ ಹುಣ್ಣಾಗುವ ರೋಗ ನಮ್ಮಲ್ಲಿ ಚಳಿಗಾಲದಲ್ಲೇ ಹೆಚ್ಚು ಕಾಣಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಇನ್ನು ನಿಮ್ಮ ಪ್ರಾಧ್ಯಾಪಕರ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಭಾರತದಲ್ಲಿ ಮೀನಿನ ವಿದ್ಯೆಯೂ ಪಶುವೈದ್ಯಕೀಯವೂ ಬೇರೆ ಬೇರೆ ಹಾದಿಗಳಲ್ಲಿ ಬೆಳೆದವು. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ನಮ್ಮ ಮಂಗಳೂರಿನಲ್ಲೇ ಆರಂಭವಾಯಿತು. ಅಲ್ಲಿ ನಾಲ್ಕು ವರ್ಷ ಬಿ.ಎಫ್.ಎಸ್ಸಿ. (ಮೀನುಗಾರಿಕೆ ವಿಜ್ಞಾನದ ಪದವಿ) ಓದಿದವರಿಗೆ ಹೊಂಡ, ಬೀಜೋತ್ಪಾದನೆ, ಮೀನಿನ ಆಹಾರ, ನೀರಿನ ರಸಾಯನಶಾಸ್ತ್ರ ಎಲ್ಲವೂ ಕೈವಶವಾಗಿರುತ್ತವೆ. ನಿಮಗೆ ಇವುಗಳಲ್ಲಿ ಸಿಕ್ಕಿರುವುದು ಬೆರಳೆಣಿಕೆಯಷ್ಟು ಪಾಠಗಳು ಮಾತ್ರ. ಆದರೆ ರೋಗಶಾಸ್ತ್ರ, ಔಷಧಶಾಸ್ತ್ರ, ಅರಿವಳಿಕೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಲಕ್ಷಣದಿಂದ ಕಾರಣದ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಹೋಗುವ ವೈದ್ಯರ ವಿಚಾರಕ್ರಮ ನಿಮಗೆ ಸಿಕ್ಕಿರುವಷ್ಟು ಆಳವಾಗಿ ಅವರಿಗೆ ಸಿಕ್ಕಿರುವುದಿಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯಡಿ ನೋಂದಣಿ ನಿಮಗೆ ಸಿಗುತ್ತದೆ. ಅವರಿಗೆ ಅಂಥ ವೃತ್ತಿಪರ ಪರಿಷತ್ತಿಲ್ಲ. ಹೀಗೆ ಒಂದು ಕಡೆ ಹೊಂಡ ಬಲ್ಲವರು, ಇನ್ನೊಂದು ಕಡೆ ಔಷಧಿ ಚೀಟಿ ಬರೆಯುವ ಅಧಿಕಾರವುಳ್ಳವರು ಉಳಿದುಕೊಂಡು, ನಡುವಿನ ಜಾಗವನ್ನು ಔಷಧಿ ಅಂಗಡಿಯವರೂ ಮೇವು ಮಾರುವವರೂ ತುಂಬಿದ್ದಾರೆ. ಸಿಗಡಿ ಹೊಂಡಗಳಿಗೆ ಆ್ಯಂಟಿಬಯೋಟಿಕ್‌ಗಳನ್ನು ಮನಬಂದಂತೆ ಸುರಿದ ಕಾಲವೊಂದಿತ್ತು. ಅದರ ಫಲವಾಗಿ ನಿಷೇಧಿತ ನೈಟ್ರೊಫ್ಯೂರಾನ್, ಕ್ಲೋರಾಂಫೆನಿಕಾಲ್‌ಗಳ ಉಳಿಕೆ ಸಿಕ್ಕಿತೆಂದು ನಮ್ಮ ಸಿಗಡಿ ಯೂರೋಪಿನ ಬಂದರುಗಳಿಂದ ತಿರಸ್ಕೃತವಾದದ್ದೂ ಉಂಟು. ಈ ನಡುವಿನ ಜಾಗದಲ್ಲೇ ನಿಮ್ಮಂಥವರು ನಿಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾರ್ವೆ ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿತು. ಅಲ್ಲಿ ಪಶುವೈದ್ಯರ ಜೊತೆಗೆ ಐದು ವರ್ಷಗಳ ಪ್ರತ್ಯೇಕ ಶಿಕ್ಷಣ ಪಡೆದ ಮೀನು ಆರೋಗ್ಯ ತಜ್ಞರಿಗೂ ಮೀನುಗಳಿಗೆ ಔಷಧಿ ಬರೆಯುವ ಅಧಿಕಾರವಿದೆ. 1987ರಲ್ಲಿ ಸುಮಾರು 48 ಟನ್ ಆ್ಯಂಟಿಬಯೋಟಿಕ್ ಬಳಸುತ್ತಿದ್ದ ಅಲ್ಲಿನ ಮೀನು ಸಾಕಣೆ, ಲಸಿಕೆಗಳು ಬಂದ ಮೇಲೆ 1990ರ ದಶಕದ ಕೊನೆಯ ಹೊತ್ತಿಗೆ 1 ಟನ್ನಿನ ಆಸುಪಾಸಿಗೆ ಇಳಿಯಿತು, ಮತ್ತು ಅದೇ ಅವಧಿಯಲ್ಲಿ ಸಾಲ್ಮನ್ ಉತ್ಪಾದನೆ ಹಲವು ಪಟ್ಟು ಹೆಚ್ಚಿತು. ‘ಮೀನಿಗೆ ಡಾಕ್ಟರು ಏಕೆ’ ಎಂದು ಕೇಳುವ ನಿಮ್ಮ ತಂದೆಯವರಿಗೆ ಈ ಎರಡು ಅಂಕಿಗಳನ್ನು ಹೇಳಿ ನೋಡಿ.

ಉದ್ಯೋಗವಿದೆಯೇ ಎಂಬ ಪ್ರಶ್ನೆಗೆ ನಮ್ಮ ದೇಶದ ಸ್ಥಿತಿಯೇ ಉತ್ತರ ಹೇಳುತ್ತದೆ. 2023-24ರಲ್ಲಿ ಭಾರತದ ಮೀನು ಉತ್ಪಾದನೆ ಸುಮಾರು 184 ಲಕ್ಷ ಟನ್, ಅದರಲ್ಲಿ ಹೆಚ್ಚಿನ ಪಾಲು ಒಳನಾಡಿನದು. 1994-95ರ ವೇಳೆಗೆ ಬಿಳಿಚುಕ್ಕೆ ವೈರಸ್ ರೋಗ ಪೂರ್ವ ಮತ್ತು ಪಶ್ಚಿಮ ಕರಾವಳಿಗಳ ಸಿಗಡಿ ಹೊಂಡಗಳನ್ನು ಬರಿದು ಮಾಡಿದಾಗ ರೋಗ ಪತ್ತೆ ಮಾಡಬಲ್ಲವರು ದೇಶದಲ್ಲಿ ಕೆಲವರೇ ಇದ್ದರು. 2009ರಲ್ಲಿ ವನ್ನಾಮೈ ಎಂಬ ವಿದೇಶಿ ಜಾತಿಯ ಸಿಗಡಿಗೆ ಅನುಮತಿ ಸಿಕ್ಕ ಮೇಲೆ ಸಾಕಣೆ ವೇಗವಾಗಿ ಹರಡಿತು, ಅದರೊಂದಿಗೆ ಹೊಸ ರೋಗಗಳೂ ಬಂದವು. 2013ರಲ್ಲಿ ಜಲಚರಗಳ ರೋಗಗಳ ಮೇಲೆ ನಿಗಾ ಇಡುವ ರಾಷ್ಟ್ರೀಯ ಕಾರ್ಯಕ್ರಮ ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ನೇತೃತ್ವದಲ್ಲಿ ಶುರುವಾಯಿತು. 2023ರಲ್ಲಿ ರೈತರು ಮೊಬೈಲಿನಿಂದಲೇ ಮೀನಿನ ರೋಗದ ಮಾಹಿತಿ ಕೊಡುವ ಆ್ಯಪ್ ಕೂಡ ಬಂತು. ಇಷ್ಟಿದ್ದೂ, ಹುದ್ದೆಗಳು ನೀವಂದುಕೊಂಡಷ್ಟು ಹೇರಳವಾಗಿಲ್ಲ ಎಂಬುದನ್ನು ಮುಚ್ಚಿಡಲಾರೆ. ಕೆಲಸ ಬೇಕಾದಷ್ಟಿದೆ, ಕಾಯಂ ಹುದ್ದೆ ಕಡಿಮೆ. ಮೊದಲ ಕೆಲವು ವರ್ಷ ಯೋಜನೆ ಮುಗಿಯುವವರೆಗಿನ ಗುತ್ತಿಗೆ ಹುದ್ದೆಗಳಲ್ಲೇ ಕಳೆಯಬೇಕಾಗಬಹುದು.

ಹೆಣ್ಣುಮಕ್ಕಳು ಉಳಿಯಬಲ್ಲರೇ ಎಂದು ಕೇಳಿದ್ದೀರಿ. ಉಳಿದಿದ್ದಾರೆ, ಮುಂದಾಳತ್ವವನ್ನೂ ವಹಿಸಿದ್ದಾರೆ. ಬಿಳಿಚುಕ್ಕೆ ರೋಗ ಬಂದ ವರ್ಷಗಳಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಅದನ್ನು ಪಿಸಿಆರ್ (ರೋಗಾಣುವಿನ ವಂಶವಾಹಿಯನ್ನು ಗುರುತಿಸುವ) ವಿಧಾನದಿಂದ ಪತ್ತೆ ಹಚ್ಚುವ ಕೆಲಸ ಮಾಡಿದ, ಹ್ಯಾಚರಿಗಳಲ್ಲಿ (ಮರಿ ಉತ್ಪಾದನಾ ಕೇಂದ್ರಗಳಲ್ಲಿ) ಸಿಗಡಿ ಮರಿಗಳನ್ನು ಕೊಲ್ಲುವ ವಿಬ್ರಿಯೊ ಬ್ಯಾಕ್ಟೀರಿಯಾಗಳ ಮೇಲೆ ಫೇಜ್ ಎಂಬ ವೈರಸ್‌ಗಳನ್ನೇ ಬಿಟ್ಟು ನಿಯಂತ್ರಿಸುವ ಸಂಶೋಧನೆ ನಡೆಸಿದ ತಂಡದಲ್ಲಿ ಪ್ರೊ. ಇಂದ್ರಾಣಿ ಕರುಣಾಸಾಗರ್ ಪ್ರಮುಖರು. ಅವರು ಬಂದದ್ದು ಸೂಕ್ಷ್ಮಜೀವಿಶಾಸ್ತ್ರದಿಂದ. ಬ್ಯಾಂಕಾಕ್‌ನ ಜಲಚರ ಆರೋಗ್ಯ ಸಂಶೋಧನಾ ಸಂಸ್ಥೆಯನ್ನು ಮುನ್ನಡೆಸಿದ ಸುಪ್ರಾಣಿ ಚಿನಬುಟ್ ಏಷ್ಯಾದ ಮೀನು ಹುಣ್ಣುರೋಗದ ಅಧ್ಯಯನದಲ್ಲಿ ದೊಡ್ಡ ಹೆಸರು. ಫಿಲಿಪ್ಪೀನ್ಸ್‌ನ ಸೀಲಿಯಾ ಲವಿಲ್ಯಾ ಪಿಟೋಗೊ ಸಿಗಡಿ ಹ್ಯಾಚರಿಗಳ ಬ್ಯಾಕ್ಟೀರಿಯಾ ರೋಗಗಳನ್ನು ಅಧ್ಯಯನ ಮಾಡಿದರು. ಅದೇ ದೇಶದ ಮೆಲ್ಬಾ ರಿಯಾಂಟಾಸೊ ರೋಮ್‌ನ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಜಲಕೃಷಿಯ ಜೈವಿಕ ಸುರಕ್ಷತೆಯ ಹೊಣೆ ಹೊತ್ತವರು. ನಮ್ಮದೇ ಏಷ್ಯಾದ ಹೊಂಡಗಳ ನಡುವೆ ಬೆಳೆದ ಈ ಸ್ತ್ರೀಯರ ಉದಾಹರಣೆ ನಿಮ್ಮ ಸೋದರಮಾವನವರ ಮಾತಿಗೆ ಸಾಕಾದ ಉತ್ತರ.

ಹಾಗಾದರೆ ಅಡ್ಡಿಯೇ ಇಲ್ಲವೇ? ಇದೆ, ಆದರೆ ಜನ ಹೇಳುವ ಕಡೆಯಲ್ಲಿಲ್ಲ. ನೀರಿಗಿಳಿಯುವುದು, ಬಲೆ ಎಳೆಯುವುದು, ಮೀನಿನ ವಾಸನೆ, ಇವಾವುವೂ ನನ್ನ ವಿದ್ಯಾರ್ಥಿನಿಯರನ್ನು ಹಿಂದೆ ಹಾಕಿದ್ದನ್ನು ನಾನು ಕಂಡಿಲ್ಲ. ಹಿಂದೆ ಹಾಕುವುದು ಒಂದು ಬಗೆಯ ಕಾಳಜಿ. ಹೊಂಡಕ್ಕೆ ಹೋಗುವ ವಾಹನ ಬೆಳಗಿನ ಜಾವ ಹೊರಡುತ್ತದೆಂದಾದರೆ, ‘ನೀವು ಬರುವುದು ಬೇಡ ಬಿಡಿ ಮೇಡಂ, ಮಾದರಿ ನಾವೇ ತಂದುಕೊಡುತ್ತೇವೆ, ನೀವು ಲ್ಯಾಬ್ ನೋಡಿಕೊಳ್ಳಿ’ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಮೊದಲ ಸಲ ಅದು ಸೌಕರ್ಯವೆನಿಸುತ್ತದೆ. ಕೆಲವು ವರ್ಷ ಹೀಗೇ ನಡೆದರೆ ಗಂಡು ಸಹೋದ್ಯೋಗಿಗೆ ರೈತರ, ಹ್ಯಾಚರಿಯವರ, ಇಲಾಖೆಯವರ ಪರಿಚಯ ಬೆಳೆದಿರುತ್ತದೆ. ಹೊಸ ಯೋಜನೆ ಬರೆಯುವಾಗ ಪ್ರಶ್ನೆ ಅವನದಾಗಿರುತ್ತದೆ, ಪರೀಕ್ಷೆ ಮಾಡಿಕೊಡುವವಳು ಮಾತ್ರ ನೀವಾಗಿರುತ್ತೀರಿ. ಬಡ್ತಿಯ ಸಂದರ್ಶನದಲ್ಲಿ ‘ಕ್ಷೇತ್ರ ಅನುಭವ’ ಎಂಬ ಕಲಮಿನ ಎದುರು ಜಾಗ ಖಾಲಿ ಉಳಿಯುತ್ತದೆ. ಸ್ತ್ರೀ ವಿಜ್ಞಾನಿಯರ ವೃತ್ತಿ ಕುಂಠಿತವಾಗುವುದು ಹೆಚ್ಚಾಗಿ ಹೀಗೆ, ಯಾರ ಮೇಲೂ ದೂರು ಹೇಳಲಾಗದ ರೀತಿಯಲ್ಲಿ.

ಹೊಂಡದ ಬಳಿ ಹೋಗುವುದು ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಕುಮಟಾದ ಕಡೆಯ, ಅಘನಾಶಿನಿ ನದಿಯ ದಂಡೆಯ ಗಜನಿ ಭೂಮಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ) ಒಂದು ಸಿಗಡಿ ಹೊಂಡವನ್ನು ಹೇಳುತ್ತೇನೆ. ಸೂರ್ಯೋದಯಕ್ಕೆ ಮುಂಚೆ ಆಮ್ಲಜನಕ ಅಳೆದು, ಸಿಗಡಿ ಮೇವು ತಿಂದಿದೆಯೇ ಎಂದು ನೋಡಲು ನೀರಿನಲ್ಲಿಡುವ ಚೆಕ್ ಟ್ರೇಯನ್ನು ಹಗ್ಗ ಹಿಡಿದು ಮೇಲೆತ್ತಿದಾಗ ಹಿಂದಿನ ಬಾರಿ ಹಾಕಿದ ಮೇವು ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಟ್ರೇಯಲ್ಲಿದ್ದ ಸಿಗಡಿಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ಬೆನ್ನಿನುದ್ದಕ್ಕೂ ಕಂದುಬಣ್ಣದ ಗೆರೆಯಾಗಿ ತುಂಬಿರಬೇಕಿದ್ದ ಕರುಳು ಅಲ್ಲಲ್ಲಿ ತುಂಡಾಗಿ, ಬಹುಪಾಲು ಖಾಲಿಯಾಗಿತ್ತು. ಚಿಪ್ಪು ಬೆರಳಿಗೆ ಮೆತ್ತಗೆ ಸಿಕ್ಕುತ್ತಿತ್ತು. ಮಾದರಿಯ ಜೊತೆ ಕಳಿಸುವ ನಮೂನೆಯಲ್ಲಿ ‘ನೀರಿನ ಮೂಲ: ಹೊಳೆ’ ಎಂದಷ್ಟೇ ಬರೆದಿದ್ದರು. ಏರಿಯ ಮೇಲೆ ನಿಂತು ಮಾತಾಡುತ್ತಿದ್ದಾಗ, ಅಲ್ಲಿ ಕೂಲಿಗೆ ಬರುತ್ತಿದ್ದ ಅಕ್ಕನೊಬ್ಬಳು, ಪಕ್ಕದ ಹೊಂಡದವರು ನಾಲ್ಕು ದಿನದ ಹಿಂದೆ ರಾತ್ರೋರಾತ್ರಿ ನೀರು ಹೊರಬಿಟ್ಟು ಶೆಟ್ಲಿ (ಸಿಗಡಿ) ಹಿಡಿದರೆಂದೂ, ಆ ನೀರು ಇದೇ ಕಾಲುವೆಗೆ ಬಂದಿತೆಂದೂ ಹೇಳಿದಳು. ರೋಗ ಕಂಡ ಹೊಂಡದ ನೀರನ್ನು ಸಂಸ್ಕರಿಸದೆ ಹೊರಬಿಡುವುದೇ ವೈರಸ್ ಹರಡುವ ದೊಡ್ಡ ದಾರಿ. ಪ್ರಯೋಗಾಲಯದ ಬಾಟಲಿ ನನಗೆ ವೈರಸ್ ಇದೆ ಎಂದಷ್ಟೇ ಹೇಳುತ್ತಿತ್ತು. ಅದು ಎಲ್ಲಿಂದ ಬಂತು, ಮುಂದೆ ಯಾವ ಹೊಂಡಕ್ಕೆ ಹೋಗುತ್ತದೆ ಎಂಬುದನ್ನು ಹೇಳಿದವಳು ಆಕೆ. ಹೊಂಡದ ಮಾಲೀಕರು ಗಂಡಸರಾದರೂ ಅಲ್ಲಿ ದಿನವಿಡೀ ದುಡಿಯುವವರಲ್ಲಿ ಹೆಂಗಸರು ಬಹಳಷ್ಟು ಜನ, ಮತ್ತು ಅವರು ಹೆಣ್ಣು ವಿಜ್ಞಾನಿಯ ಬಳಿ ಮನಸ್ಸು ಬಿಚ್ಚಿ ಮಾತನಾಡುತ್ತಾರೆ. ಇದು ನಮ್ಮ ವಿಜ್ಞಾನಕ್ಕೆ ಆಗುವ ನಿಜವಾದ ಲಾಭವೆಂದು ನಾನು ನಂಬುತ್ತೇನೆ.

ಹಾಗೆಂದು ಅಪಾಯಗಳನ್ನು ಹಗುರವಾಗಿ ಕಾಣಬೇಡಿ. ಮುಂಜಾನೆಯ ಪ್ರಯಾಣ, ಒಂದು ಮರವೂ ಇಲ್ಲದ ಬಯಲಿನಲ್ಲಿ ಶೌಚಾಲಯವಿಲ್ಲದೆ ಅರ್ಧ ದಿನ, ಪರಿಚಯವಿಲ್ಲದ ಊರಿನಲ್ಲಿ ತಂಗುವಿಕೆ, ಇವು ನಿಜವಾದ ಕಷ್ಟಗಳು. ಇಬ್ಬರಾಗಿ ಹೋಗುವುದು, ಸಂಸ್ಥೆಯ ವಾಹನವನ್ನೇ ಬಳಸುವುದು, ಹಿಂದಿನ ಸಂಜೆಯೇ ಹತ್ತಿರದ ಪೇಟೆಯಲ್ಲಿ ಉಳಿಯುವ ವ್ಯವಸ್ಥೆ ಕೇಳುವುದು, ಇವನ್ನು ಉಪಕಾರವೆಂದು ಬೇಡಬೇಡಿ, ಕೆಲಸದ ಭಾಗವೆಂದು ಕೇಳಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಕಚೇರಿಯ ನಾಲ್ಕು ಗೋಡೆಗಳಿಗೆ ಸೀಮಿತವಲ್ಲ; ಕೆಲಸದ ನಿಮಿತ್ತ ಹೋಗುವ ಜಾಗಗಳೂ ಸಂಸ್ಥೆ ಒದಗಿಸಿದ ವಾಹನವೂ ಅದರ ವ್ಯಾಪ್ತಿಗೆ ಬರುತ್ತವೆ.

ದೇಹಕ್ಕೆ ಸಂಬಂಧಿಸಿದ ಅಪಾಯಗಳ ಬಗ್ಗೆ ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ಇಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. ಅಂಗಾಂಶಗಳನ್ನು ಕೆಡದಂತೆ ಇಡುವ ಫಾರ್ಮಾಲಿನ್ ಕ್ಯಾನ್ಸರ್‌ಕಾರಕ. ಸ್ಲೈಡ್ ತಯಾರಿಸುವಾಗ ಬಳಸುವ ಝೈಲೀನ್‌ನ ಆವಿಯೂ ಒಳ್ಳೆಯದಲ್ಲ. ಗರ್ಭಿಣಿಯಾದವರು ಇವುಗಳಿಂದ ದೂರವಿರಬೇಕು, ಮಗುವಿಗಾಗಿ ಯೋಚಿಸುತ್ತಿರುವಾಗಲೇ ಎಚ್ಚರ ವಹಿಸುವುದು ಇನ್ನೂ ಮೇಲು. ಆವಿ ಹೀರುವ ಹುಡ್ ಇಲ್ಲದ ಪ್ರಯೋಗಾಲಯದಲ್ಲಿ ಫಾರ್ಮಾಲಿನ್ ಡಬ್ಬಿ ತೆರೆಯುವುದೇ ಬೇಡ. ಮೀನಿನಿಂದ ಮನುಷ್ಯರಿಗೆ ದಾಟುವ ರೋಗಗಳೂ ಇವೆ. ಕೈಯ ಗಾಯದ ಮೂಲಕ ಒಳಹೊಕ್ಕು ಬೆರಳುಗಳಲ್ಲಿ ತಿಂಗಳುಗಟ್ಟಲೆ ಗಂಟು ಎಬ್ಬಿಸುವ ಮೈಕೊಬ್ಯಾಕ್ಟೀರಿಯಂ ಮರೈನಂ ಒಂದು. ಉಪ್ಪುನೀರಿನ ವಿಬ್ರಿಯೊ ವಲ್ನಿಫಿಕಸ್ ಸೋಂಕು ಯಕೃತ್ತಿನ ತೊಂದರೆ ಇರುವವರಿಗೆ ಪ್ರಾಣಾಪಾಯಕಾರಿ. ಗಾಯವಿದ್ದ ದಿನ ಕೈಗವಸಿಲ್ಲದೆ ನೀರಿಗೆ ಕೈ ಹಾಕಬೇಡಿ, ಮುಳ್ಳು ಚುಚ್ಚಿದ ಜಾಗ ವಾರವಾದರೂ ಮಾಯದಿದ್ದರೆ ಮೀನಿನ ಕೆಲಸ ಮಾಡುತ್ತೇನೆಂದು ವೈದ್ಯರಿಗೆ ಮರೆಯದೆ ಹೇಳಿ. ಇಷ್ಟಾಗಿಯೂ ಗರ್ಭಿಣಿಯಾದ ವಿಜ್ಞಾನಿ ಕೆಲಸದಿಂದಲೇ ಹೊರಗುಳಿಯಬೇಕಿಲ್ಲ. ಸಿದ್ಧವಾದ ಸ್ಲೈಡ್‌ಗಳನ್ನು ಓದುವುದು, ದತ್ತಾಂಶದ ವಿಶ್ಲೇಷಣೆ, ಪ್ರಬಂಧ ಬರೆಯುವುದು ಆ ತಿಂಗಳುಗಳಿಗೆ ಹೇಳಿ ಮಾಡಿಸಿದ ಕೆಲಸಗಳು.

ಮದುವೆ, ಮಕ್ಕಳ ಮಾತು ಬಂದದ್ದರಿಂದ ಎರಡು ಸಂಗತಿ ತಿಳಿದಿರಲಿ. ಯುಜಿಸಿ ನಿಯಮಗಳ ಪ್ರಕಾರ ಪಿಎಚ್.ಡಿ. ಮಾಡುವ ಸ್ತ್ರೀಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಯೂ, ಪ್ರಬಂಧ ಮುಗಿಸಲು ಎರಡು ವರ್ಷಗಳ ಹೆಚ್ಚುವರಿ ಅವಧಿಯೂ ಇವೆ. ಸಂಸಾರದ ಕಾರಣದಿಂದ ನಡುವೆ ನಿಲ್ಲಿಸಿದವರು ಮರಳಿ ಬರಲೆಂದೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಯೂ ಇದೆ. ಆದರೆ ಗುತ್ತಿಗೆಯ ಯೋಜನಾ ಹುದ್ದೆಯಲ್ಲಿದ್ದಾಗ ಈ ರಕ್ಷಣೆಗಳು ಕಾಗದದಲ್ಲಿದ್ದಷ್ಟು ಗಟ್ಟಿಯಾಗಿ ಕೈಗೆ ಸಿಗುವುದಿಲ್ಲ. ಸಾಧ್ಯವಿದ್ದರೆ ಹೆರಿಗೆಯ ಹೊತ್ತಿಗೆ ಫೆಲೋಶಿಪ್‌ನಲ್ಲೋ ಕಾಯಂ ಹುದ್ದೆಯಲ್ಲೋ ಇರುವಂತೆ ವರ್ಷಗಳನ್ನು ಹೊಂದಿಸಿಕೊಳ್ಳಿ ಎಂದು ನನ್ನ ವಿದ್ಯಾರ್ಥಿನಿಯರಿಗೂ ಹೇಳುತ್ತೇನೆ.

ಈಗ ದಾರಿಗಳು. ನಿಮಗೆ ನಾನು ಮೊದಲು ಸೂಚಿಸುವುದು ಪಶುವೈದ್ಯ ರೋಗಶಾಸ್ತ್ರ ಅಥವಾ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ವಿ.ಎಸ್ಸಿ. (ಪಶುವೈದ್ಯಕೀಯ ಸ್ನಾತಕೋತ್ತರ ಪದವಿ) ಮಾಡಿ, ಪ್ರಬಂಧದ ವಿಷಯವನ್ನು ಮಾತ್ರ ಮೀನಿನದಾಗಿ ಆರಿಸಿಕೊಳ್ಳುವುದನ್ನು. ಎಂ.ಎಫ್.ಎಸ್ಸಿ. (ಮೀನುಗಾರಿಕೆ ಸ್ನಾತಕೋತ್ತರ ಪದವಿ) ಸೀಟುಗಳು ಬಹುಮಟ್ಟಿಗೆ ಬಿ.ಎಫ್.ಎಸ್ಸಿ. ಪದವೀಧರರಿಗೇ ಇರುವುದರಿಂದ ಆ ಬಾಗಿಲು ನಿಮಗೆ ಕಿರಿದು. ಕರ್ನಾಟಕದಲ್ಲಿ ಒಂದು ಅನುಕೂಲವಿದೆ: ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲೇ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳೂ ಮಂಗಳೂರಿನ ಮೀನುಗಾರಿಕೆ ಕಾಲೇಜೂ ಇವೆ. ಆದ್ದರಿಂದ ಸಲಹಾ ಸಮಿತಿಯಲ್ಲಿ ಮಂಗಳೂರಿನ ಜಲಚರ ಆರೋಗ್ಯ ವಿಭಾಗದವರೊಬ್ಬರನ್ನು ಸೇರಿಸಿಕೊಳ್ಳಿ ಎಂದು ನೀವು ಕೇಳಬಹುದು, ಕೇಳಲೇಬೇಕು. ಈ ದಾರಿಯ ಅಪಾಯವೆಂದರೆ, ಮೀನು ಬಲ್ಲ ಮಾರ್ಗದರ್ಶಕರು ಸಿಗದಿದ್ದರೆ ಪ್ರಬಂಧ ಅರೆಬೆಂದದ್ದಾಗಬಹುದು. ಮುಂದೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ವಿಜ್ಞಾನಿ ಹುದ್ದೆಗೆ ಎಆರ್‌ಎಸ್ (ಕೃಷಿ ಸಂಶೋಧನಾ ಸೇವೆ) ಪರೀಕ್ಷೆ ಬರೆಯುವವರಿಗೆ ‘ಮೀನು ಆರೋಗ್ಯ’ ಎಂಬ ಪ್ರತ್ಯೇಕ ವಿಭಾಗವೇ ಇದೆ. ಆದರೆ ಪ್ರತಿ ವಿಭಾಗಕ್ಕೂ ಯಾವ ಸ್ನಾತಕೋತ್ತರ ಪದವಿಗಳು ಸಲ್ಲುತ್ತವೆಂಬ ಪಟ್ಟಿಯನ್ನು ಅಧಿಸೂಚನೆಯಲ್ಲಿ ಕೊಟ್ಟಿರುತ್ತಾರೆ. ಎಂ.ವಿ.ಎಸ್ಸಿ. ವಿಭಾಗ ಆರಿಸುವ ಮೊದಲೇ ಅದನ್ನು ಸಾಲು ಸಾಲಾಗಿ ಓದಿ. ಆಯ್ಕೆಯಾದರೆ ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ, ಚೆನ್ನೈನ ಹಿನ್ನೀರು ಜಲಕೃಷಿ ಸಂಸ್ಥೆ, ಕೊಚ್ಚಿಯ ಸಮುದ್ರ ಮೀನುಗಾರಿಕೆ ಸಂಸ್ಥೆಗಳಂಥ ಕಡೆ ಕೆಲಸ, ಆರಂಭಿಕ ಮೂಲವೇತನ 57,700 ರೂಪಾಯಿ. ಮನೆಯಿಂದ ದೂರ ಹೋಗಬೇಕಾಗುತ್ತದೆ, ಅದನ್ನು ತಂದೆಯವರಿಗೆ ಈಗಲೇ ಹೇಳಿ.

ತಂದೆಯವರು ಹೇಳುವ ಸರ್ಕಾರಿ ಪಶುವೈದ್ಯಾಧಿಕಾರಿ ಹುದ್ದೆಯನ್ನು ನಾನು ತಳ್ಳಿಹಾಕುವುದಿಲ್ಲ. ಸೇವೆಯಲ್ಲಿದ್ದುಕೊಂಡೇ ನಿಯೋಜನೆಯ ಮೇಲೆ ಎಂ.ವಿ.ಎಸ್ಸಿ. ಮಾಡಿದವರಿದ್ದಾರೆ; ಸಂಬಳದ ಭದ್ರತೆ ಇದ್ದರೆ ಮನೆಯವರ ಒತ್ತಡವೂ ಕಡಿಮೆಯಾಗುತ್ತದೆ. ಆದರೆ ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಹಸು, ಎಮ್ಮೆ, ಲಸಿಕೆ ಅಭಿಯಾನ, ವರದಿಗಳ ನಡುವೆ ಮೀನಿನ ಕೆಲಸಕ್ಕೆ ಸಮಯ ತಾನಾಗಿ ಸಿಗುವುದಿಲ್ಲ. ಮೀನಿನ ಹೊಣೆ ಮೀನುಗಾರಿಕೆ ಇಲಾಖೆಯದು, ನೀವು ಮುಂದೆ ಬಿದ್ದು ಕೈ ಹಾಕಿದರೆ ಎರಡೂ ಇಲಾಖೆಗಳಲ್ಲಿ ಹುಬ್ಬೇರಿಸುವವರಿರುತ್ತಾರೆ. ಐದಾರು ವರ್ಷ ಹೀಗೆ ಕಳೆದರೆ ಸಂಶೋಧನೆಗೆ ಮರಳುವುದು ಕಷ್ಟವಾಗುತ್ತದೆ.

ಖಾಸಗಿ ವಲಯದಲ್ಲಿ ಬೇಗ ಕೆಲಸ ಸಿಗುತ್ತದೆ. ನೆಲ್ಲೂರು, ಭೀಮಾವರಂ ಕಡೆಯ ಮೇವಿನ ಕಂಪನಿಗಳು, ಹ್ಯಾಚರಿಗಳು, ಔಷಧಿ ಮತ್ತು ಲಸಿಕೆ ಕಂಪನಿಗಳು ಪಶುವೈದ್ಯರನ್ನು ತೆಗೆದುಕೊಳ್ಳುತ್ತವೆ. ಒಂದೆರಡು ವರ್ಷ ಅಲ್ಲಿದ್ದರೆ ಹೊಂಡದ ಅನುಭವ ಪುಸ್ತಕಗಳಿಂದ ಸಿಗದಷ್ಟು ಸಿಗುತ್ತದೆ. ಎಚ್ಚರ ಒಂದೇ: ತಾಂತ್ರಿಕ ಹುದ್ದೆ ಎಂದು ಸೇರಿಸಿಕೊಂಡು ಮಾರಾಟದ ಗುರಿ ಕೊಡುವುದುಂಟು. ರೋಗ ಹೇಳುವವರ ಸಂಬಳ ಔಷಧಿ ಎಷ್ಟು ಮಾರಾಟವಾಯಿತೆಂಬುದರ ಮೇಲೆ ನಿಂತರೆ ರೋಗನಿರ್ಣಯ ನೆಟ್ಟಗಿರುವುದಿಲ್ಲ. ನೇಮಕಾತಿ ಪತ್ರದಲ್ಲಿ ಅಂಥ ಷರತ್ತು ಕಂಡರೆ ಒಪ್ಪಬೇಡಿ.

ವಿದೇಶದ ಬಗ್ಗೆ ನೀವು ಕೇಳಿಲ್ಲವಾದರೂ ಬಹುತೇಕ ವಿದ್ಯಾರ್ಥಿಗಳು ಕೇಳುತ್ತಾರೆ. ಸ್ಕಾಟ್ಲೆಂಡ್‌ನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಜಲಕೃಷಿ ಸಂಸ್ಥೆ ಈ ವಿದ್ಯೆಗೆ ಹೆಸರಾದದ್ದು. ನಾರ್ವೆಯಲ್ಲಿ ಪಿಎಚ್.ಡಿ. ಎಂದರೆ ಸಂಬಳದ ಉದ್ಯೋಗ. ಆದರೆ 2023ರಿಂದ ಅಲ್ಲಿ ಯೂರೋಪಿನ ಹೊರಗಿನವರಿಗೆ ಸ್ನಾತಕೋತ್ತರ ಓದಿಗೆ ಶುಲ್ಕ ಬಂದಿದೆ. ಸಂಶೋಧನೆಗೆ ಹೋಗುವವರಿಗೆ ಅಲ್ಲಿನ ಪಶುವೈದ್ಯ ಪರವಾನಗಿ ಬೇಕಿಲ್ಲ, ಚಿಕಿತ್ಸೆ ಮಾಡಬೇಕೆಂದರೆ ಪ್ರತ್ಯೇಕ ಪರೀಕ್ಷೆ, ಭಾಷೆ, ವರ್ಷಗಳ ಖರ್ಚು ಎಲ್ಲವೂ ಇವೆ. ಸಾಲ ಮಾಡಿ ಸ್ನಾತಕೋತ್ತರಕ್ಕೆ ಹೋಗುವುದಕ್ಕಿಂತ ಇಲ್ಲಿ ಎಂ.ವಿ.ಎಸ್ಸಿ. ಮುಗಿಸಿ, ಒಂದೆರಡು ಪ್ರಬಂಧ ಪ್ರಕಟಿಸಿ, ಸಂಬಳ ಸಿಗುವ ಪಿಎಚ್.ಡಿ.ಗೆ ಅರ್ಜಿ ಹಾಕುವುದೇ ನನ್ನ ಮಟ್ಟಿಗೆ ವಿವೇಕದ ದಾರಿ. ಡಾಲ್ಫಿನ್, ಕಡಲಾಮೆಗಳ ವೈದ್ಯಕೀಯದ ಕನಸು ಕಾಣುವವರಿಗೂ ಒಂದು ಮಾತು: 2013ರಲ್ಲೇ ಭಾರತದಲ್ಲಿ ಡಾಲ್ಫಿನ್ ಪ್ರದರ್ಶನಾಲಯಗಳಿಗೆ ಅವಕಾಶ ನಿರಾಕರಿಸಲಾಗಿದೆ. ಬಲೆಗೆ ಸಿಕ್ಕಿ ಗಾಯಗೊಂಡು ದಡ ಸೇರುವ ಆಮೆಗಳ ಆರೈಕೆ ಅಗತ್ಯದ ಕೆಲಸ, ಆದರೆ ಅದರಲ್ಲಿ ಹುದ್ದೆಗಳು ತೀರ ವಿರಳ.

ನಿಮ್ಮ ಇಂಟರ್ನ್‌ಶಿಪ್ ಮುಗಿಯುವುದರೊಳಗೆ ಒಂದು ಕೆಲಸ ಮಾಡಿ. ನಿಮ್ಮ ಜಿಲ್ಲೆಯ ಮೀನುಗಾರಿಕೆ ಇಲಾಖೆಯವರ ಅನುಮತಿ ಪಡೆದು ಅವರ ಮೀನುಮರಿ ಉತ್ಪಾದನಾ ಕೇಂದ್ರಕ್ಕೆ ಕೆಲವು ವಾರ ಹೋಗಿ. ಆರೋಗ್ಯವಂತ ಕಾಟ್ಲಾ, ರೋಹು, ಗೆಂಡೆಗಳ ಕಿವಿರು, ಚರ್ಮದ ಲೋಳೆ, ಯಕೃತ್ತು, ಮೂತ್ರಪಿಂಡಗಳನ್ನು ಮತ್ತೆ ಮತ್ತೆ ನೋಡಿ ಚಿತ್ರ ಬರೆದಿಟ್ಟುಕೊಳ್ಳಿ. ಸಹಜ ಯಾವುದೆಂದು ಕಣ್ಣಿಗೆ ರೂಢಿಯಾಗದೆ ರೋಗ ಕಾಣಿಸುವುದಿಲ್ಲ, ನಿಮ್ಮೂರ ಕೆರೆಯ ಮೀನು ಕೊಯ್ದಾಗ ನಿಮಗೆ ಕೊರತೆಯಾದದ್ದು ಅದೇ. ಮುಂದಿನ ಬಾರಿ ಗುತ್ತಿಗೆದಾರರು ಕರೆದರೆ ಸಾಯುತ್ತಿರುವ ಮೀನನ್ನೇ ಹಿಡಿಸಿ, ಕಿವಿರನ್ನು ಅಲ್ಲೇ ನೋಡಿ. ಅಂಗಾಂಶದ ತುಣುಕುಗಳನ್ನು ಶೇಕಡ 10ರ ಬಫರ್ ಮಾಡಿದ ಫಾರ್ಮಾಲಿನ್‌ನಲ್ಲಿ, ಪಿಸಿಆರ್‌ಗೆ ಬೇಕಾದುದನ್ನು ಶೇಕಡ 95ರ ಎಥನಾಲ್‌ನಲ್ಲಿ ಹಾಕಿ, ಬ್ಯಾಕ್ಟೀರಿಯಾ ಪರೀಕ್ಷೆಗೆ ಬೇರೊಂದು ಮೀನನ್ನು ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ಕಳಿಸಿ; ಘನೀಕರಿಸಬೇಡಿ. ನೀರಿನ ಆಮ್ಲಜನಕವನ್ನು ಸೂರ್ಯ ಹುಟ್ಟುವ ಮೊದಲೇ ಅಳೆಯಿರಿ.

ಎಂ.ವಿ.ಎಸ್ಸಿ. ಅರ್ಜಿಗೆ ಮುಂಚೆ ಆಯಾ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆದು, ಮೀನಿನ ಮೇಲೆ ಪ್ರಬಂಧ ಮಾಡಲು ಮಾರ್ಗದರ್ಶಕರಿದ್ದಾರೆಯೇ, ಮಂಗಳೂರಿನ ಕಾಲೇಜಿನೊಂದಿಗೆ ಜಂಟಿಯಾಗಿ ಕೆಲಸ ಮಾಡಲು ಒಪ್ಪುವರೇ ಎಂದು ಕೇಳಿ. ‘ಪ್ರಯೋಗಾಲಯದ ಭಾಗ ನೀವು ಮಾಡಿ, ಮಾದರಿ ತರಿಸಿಕೊಡುತ್ತೇವೆ’ ಎಂಬ ಉತ್ತರ ಬಂದರೆ, ಪ್ರಬಂಧದ ಯೋಜನೆಯಲ್ಲಿ ಹೊಂಡಗಳ ಭೇಟಿಯನ್ನು ನಿಮ್ಮ ಹೆಸರಿನಲ್ಲೇ, ತಿಂಗಳು ಮತ್ತು ಊರು ಸಹಿತ, ಲಿಖಿತವಾಗಿ ಸೇರಿಸುವಂತೆ ವಿನಯದಿಂದ ಕೇಳಿಕೊಳ್ಳಿ. ಅದಕ್ಕೆ ಒಪ್ಪುವ ವಿಭಾಗವನ್ನೇ ಆರಿಸಿಕೊಳ್ಳಿ.